ದ್ರವ್ಯದ ಬಾಗಿಲು, ಕಾಯಕದ ಬಾಗಿಲು

ಮನುಷ್ಯನು ಹುಟ್ಟಿದ ದೇಶವನ್ನು ಬಿಟ್ಟು ಪರದೇಶದಲ್ಲಿ ನೆಲಸಬಯಸುವುದು ಹೊಸದಲ್ಲ. ಅದರಲ್ಲಿ ದೋಷವೂ ಇಲ್ಲ. ಆದರೆ ಆ ದೇಶದ ಬಾಗಿಲು ಅವನ ಕೈಯಲ್ಲಿರುವ ದ್ರವ್ಯಕ್ಕೆ ತೆರೆಯಬೇಕೋ, ಕೈಯಿಂದ ನಡೆಯುವ ಕಾಯಕಕ್ಕೆ ತೆರೆಯಬೇಕೋ ಎಂಬುದು ವಿಚಾರಣೀಯವಾದ ಪ್ರಶ್ನೆ. ಪಿತ್ರಾರ್ಜಿತವಾದ ಹೊಲವನ್ನು ಮಾರಿಯಾದರೂ ಮಗನನ್ನು ಈ ಮಾರ್ಗದಿಂದ ಕಳುಹಿಸೋಣವೇ ಎಂದು ಯೋಚಿಸುವ ಗೃಹಸ್ಥನಿಗೆ ಇದು ಮನೆಯೊಳಗಿನ ಪ್ರಶ್ನೆಯೇ ಆಗುವುದು.

ಮೊದಲು ಕೆನಡಾ ದೇಶದ ನಡೆಯನ್ನು ನೋಡಬಹುದು. ಅಲ್ಲಿಯ ಸರ್ಕಾರವು 1986ರಲ್ಲಿ ಬಂಡವಾಳಗಾರರಿಗೆಂದು ಒಂದು ಮಾರ್ಗವನ್ನು ತೆರೆಯಿತು. 2010ರ ನಿಯಮದಂತೆ ಅರ್ಜಿದಾರನು ವ್ಯವಹಾರಾನುಭವದೊಡನೆ 16 ಲಕ್ಷ ಕೆನಡಾ ಡಾಲರುಗಳ ಆಸ್ತಿಯುಳ್ಳವನಾಗಿರಬೇಕು; 8 ಲಕ್ಷವನ್ನು ಐದು ವರ್ಷಗಳವರೆಗೆ ಬಡ್ಡಿಯಿಲ್ಲದೆ ಒಪ್ಪಿಸಬೇಕು. ಅವಧಿ ಮುಗಿದ ಮೇಲೆ ಅಸಲು ಹಿಂದಿರುಗುತ್ತಿತ್ತು. ಹೀಗೆ ಬಂದವರು ಇತರ ವಲಸೆಗಾರರಿಗಿಂತ ಕಡಿಮೆ ತೆರಿಗೆ ಕೊಡುವರು, ದೇಶದಲ್ಲಿ ನಿಲ್ಲುವವರೂ ಕಡಿಮೆ ಎಂಬ ಕಾರಣವನ್ನು ಹೇಳಿ ಸರ್ಕಾರವು 2014ರಲ್ಲಿ ಆ ಮಾರ್ಗವನ್ನು ಮುಚ್ಚಿತು. ದ್ರವ್ಯವು ಬಂದಿತು, ಮನುಷ್ಯನು ಬರಲಿಲ್ಲವೆಂಬುದೇ ಇದರ ತಾತ್ಪರ್ಯ.

ಅದೇ ದೇಶದಲ್ಲಿ ಸ್ವಂತ ಉದ್ಯೋಗಿಗಳ ಮಾರ್ಗವು ಬೇರೆ ಬಗೆಯದಾಗಿತ್ತು. ಕಲೆ, ಸಂಸ್ಕೃತಿ ಅಥವಾ ಕ್ರೀಡೆಯಲ್ಲಿ ಹಿಂದಿನ ಐದು ವರ್ಷಗಳೊಳಗೆ ಎರಡು ವರ್ಷವಾದರೂ ದುಡಿದವನು ಅರ್ಜಿ ಹಾಕಬಹುದಾಗಿತ್ತು. ನೂರು ಅಂಕಗಳಲ್ಲಿ ಅನುಭವಕ್ಕೆ 35, ವಿದ್ಯೆಗೆ 25, ಭಾಷೆಗೆ 24, ವಯಸ್ಸಿಗೆ 10, ಹೊಂದಾಣಿಕೆಗೆ 6. ಒಟ್ಟು 35 ಬಂದರೆ ಸಾಕು. ಇಷ್ಟೇ ಹಣವಿರಬೇಕೆಂಬ ವಿಧಿಯಿರಲಿಲ್ಲ. ನೆಲೆ ನಿಲ್ಲುವವರೆಗೆ ಕುಟುಂಬವನ್ನು ಸಾಕುವಷ್ಟು ಇದ್ದರಾಯಿತು. 2024ರ ಏಪ್ರಿಲ್ 30ರಿಂದ ಇದಕ್ಕೂ ಹೊಸ ಅರ್ಜಿಗಳ ಸ್ವೀಕಾರವನ್ನು ನಿಲ್ಲಿಸಲಾಯಿತು. ಜರ್ಮನಿಯ ಕಾನೂನೂ ಈ ಜಾತಿಯದೇ. ಉದ್ಯೋಗದಿಂದ ಆ ಪ್ರದೇಶಕ್ಕೆ ಪ್ರಯೋಜನವುಂಟೇ, ಅದನ್ನು ನಡೆಸಲು ಹಣದ ವ್ಯವಸ್ಥೆಯುಂಟೇ ಎಂದು ಅದು ಕೇಳುವುದು.

ಅಮೆರಿಕವು ಇವೆರಡರ ನಡುವಣ ದಾರಿಯನ್ನು 1990ರಲ್ಲಿ ಹಿಡಿಯಿತು. 2022ರ ತಿದ್ದುಪಡಿಯಂತೆ 10,50,000 ಡಾಲರುಗಳನ್ನು, ಗ್ರಾಮಾಂತರದಲ್ಲಿಯೋ ನಿರುದ್ಯೋಗವು ಹೆಚ್ಚಾಗಿರುವಲ್ಲಿಯೋ ಆದರೆ 8 ಲಕ್ಷವನ್ನು ಹೂಡಬೇಕು. ಹಣವು ನ್ಯಾಯವಾಗಿ ಬಂದುದೆಂದು ದಾಖಲೆಗಳಿಂದ ತೋರಿಸಬೇಕು. ಅದರಿಂದ ಹತ್ತು ಮಂದಿಗೆ ಪೂರ್ಣಕಾಲದ ಕೆಲಸವಾಗಬೇಕು. ಮೊದಲ ಎರಡು ವರ್ಷಗಳ ವಾಸವು ಷರತ್ತಿಗೆ ಒಳಪಟ್ಟುದು. ದ್ರವ್ಯಶುದ್ಧಿಯನ್ನೂ ದ್ರವ್ಯದ ವಿನಿಯೋಗವನ್ನೂ ಕೇಳುವ ಈ ನಿಯಮವು ಶರಣರ ಕಾಯಕತತ್ತ್ವವನ್ನು ಬಲ್ಲವರಿಗೆ ಪರಕೀಯವಾಗಿ ತೋರದು. ಆದರೆ 2025ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಅಧ್ಯಕ್ಷರು ಹೊರಡಿಸಿದ ಆಜ್ಞೆಯು ಸರ್ಕಾರಕ್ಕೆ 10 ಲಕ್ಷ ಡಾಲರು ಕಾಣಿಕೆ ಕೊಡುವವನಿಗೆ ಬೇರೊಂದು ದಾರಿಯನ್ನು ತೋರಿತು. ಹತ್ತು ಮನೆಗಳ ಒಲೆಯ ಪ್ರಶ್ನೆ ಅದರಲ್ಲಿಲ್ಲ.

ದ್ರವ್ಯವೂ ದುಡಿಮೆಯ ಫಲವೇ ಅಲ್ಲವೇ, ಅದನ್ನು ತಂದವನನ್ನು ಬರಗೊಡುವುದರಲ್ಲಿ ತಪ್ಪೇನು ಎಂದು ಕೆಲವರು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವೇನೆಂದರೆ: ದ್ರವ್ಯವು ಒಬ್ಬನ ದುಡಿಮೆಯದಾಗಿ ಇನ್ನೊಬ್ಬನ ಕೈಯಲ್ಲಿರಬಲ್ಲುದು, ಕಾಯಕವು ಹಾಗಿರಲಾರದು. ಸರಕನ್ನು ಕೊಂಡವನು ಅದನ್ನು ಬೇಕಾದಾಗ ಬಿಡುವನು. ನಾಡಿನ ಸಂಬಂಧವು ಅಂತಹುದಲ್ಲ. ಮಾಲ್ಟಾ ದೇಶವು ಹಣಕ್ಕೆ ಪೌರತ್ವವನ್ನು ಕೊಡುತ್ತಿದ್ದುದು ವ್ಯಾಪಾರವಾಗುವುದೆಂದು ಯೂರೋಪಿಯನ್ ಒಕ್ಕೂಟದ ನ್ಯಾಯಾಲಯವು 2025ರ ಏಪ್ರಿಲ್ 29ರಂದು ತೀರ್ಮಾನಿಸಿದುದೂ ಈ ವಿವೇಕದಿಂದಲೇ.

ಇನ್ನು ಹೊಲ ಮಾರುವ ತಂದೆಯ ವಿಚಾರ. ತಂದೆ ಕೊಟ್ಟ ಹಣವನ್ನು ಅದರ ಮೂಲ ತೋರಿಸಿ ಹೂಡಲು ಅಮೆರಿಕದ ಕಾನೂನು ಬಿಡುವುದು. ಆದರೆ ಹೂಡಿದ ಹಣವು ನಷ್ಟದ ಸಂಭವಕ್ಕೆ ಒಡ್ಡಿಕೊಂಡಿರಲೇಬೇಕು. ಹಿಂದಿರುಗುವುದೆಂಬ ಭರವಸೆಯನ್ನು ಬರೆಯಿಸಿಕೊಂಡರೆ ಹೂಡಿಕೆಯೇ ಸಲ್ಲದು. ಭಾರತದ ನಿವಾಸಿಯೊಬ್ಬನು ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಲ್ಲಿ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರುಗಳಿಗಿಂತ ಹೆಚ್ಚು ಕಳುಹಿಸಲಾರನು. ಆದುದರಿಂದ 8 ಲಕ್ಷವಾಗಲು ಒಬ್ಬನಿಗೆ ನಾಲ್ಕು ವರ್ಷ ಬೇಕು, ಇಲ್ಲವೆ ಮನೆಯ ನಾಲ್ವರು ಕೂಡಬೇಕು. ಉದ್ಯಮವು ಬಿದ್ದುಹೋದರೆ ಆ ನಾಲ್ವರ ಅನ್ನವೂ ಅದರೊಡನೆ ಹೋಗುವುದು. ಮುಂದೆ ಮಗನು ಅಲ್ಲಿಯ ಪೌರತ್ವವನ್ನು ಸ್ವೀಕರಿಸಿದನೆಂದರೆ 1955ರ ಪೌರತ್ವ ಕಾಯಿದೆಯು ಇಲ್ಲಿಯ ಪೌರತ್ವವನ್ನು ಉಳಿಸದು.

ಹೀಗಿರಲು ಮಗನು ತಂದೆಯನ್ನು ಹಣ ಕೇಳುವ ಮೊದಲು ತನ್ನನ್ನೇ ಕೇಳಿಕೊಳ್ಳತಕ್ಕ ಮಾತೊಂದುಂಟು: ಈ ದ್ರವ್ಯವು ಇಲ್ಲದಿದ್ದರೂ ಆ ನಾಡಿಗೆ ತಾನು ಕೊಡಬಲ್ಲ ಕಾಯಕವಾವುದು? ಇದಕ್ಕೆ ಉತ್ತರವುಳ್ಳವನಿಗೆ ತಂದೆಯು ತನ್ನ ಶಕ್ತಿಯನ್ನರಿತು ನೆರವಾಗುವುದು ಯುಕ್ತ. ಉತ್ತರವಿಲ್ಲದವನಿಗಾಗಿ ಹೊಲವನ್ನು ಮಾರುವುದು ವಾತ್ಸಲ್ಯದಂತೆ ತೋರಿದರೂ ಹಿತವಾಗದು. ಅಂಥವನು ಆ ಉತ್ತರವನ್ನು ಮೊದಲು ಇಲ್ಲಿಯೇ, ಆ ಹೊಲದಲ್ಲಿಯೋ ಊರಿನ ಬೇರೊಂದು ಕೆಲಸದಲ್ಲಿಯೋ ಸಂಪಾದಿಸಿಕೊಳ್ಳಲಿ. ಹೋಗುವ ಕಾಲವು ತಾನಾಗಿ ಬರುವುದು.