ಒಕ್ಕಲುತನದ ಬಾಲ

ನಮ್ಮ ಸೇಡಂ ತಾಲ್ಲೂಕಿನ ಆಡಕಿಯ ಹುಡುಗನೊಬ್ಬ ಇಂಗ್ಲಿಷ್ ನೋಟ್‌ಬುಕ್ ತಂದು ನನ್ನ ಮುಂದೆ ಹಿಡಿದ. ಪುಟದ ತುಂಬ ‘ಸಫಿಕ್ಸ್’ಗಳ, ಅಂದರೆ ಪ್ರತ್ಯಯಗಳ, ಪಟ್ಟಿ: ಅರ್, ನೆಸ್, ಫುಲ್, ಇಂಗ್. ‘ಇವೆಲ್ಲ ಬಾಯಿಪಾಠ ಮಾಡಬೇಕ್ರಿ ಕಾಕಾ’ ಎಂದ, ಸಪ್ಪಗೆ.

‘ನಿಮ್ಮಪ್ಪ ಏನು ಮಾಡ್ತಾನಪಾ?’

‘ಒಕ್ಕಲುತನ ಮಾಡ್ತಾರ್ರಿ.’

ಪಾಠ ಅಲ್ಲೇ ಇತ್ತು. ಒಕ್ಕಲು ಎಂಬುದಕ್ಕೆ ‘ತನ’ ಹತ್ತಿ ಒಕ್ಕಲುತನ, ‘ಇಗ’ ಹತ್ತಿ ಒಕ್ಕಲಿಗ. ಒಂದು ಕಸುಬಿನ ಹೆಸರು, ಇನ್ನೊಂದು ಮನುಷ್ಯನದು. ಒಕ್ಕಲಿಗದಲ್ಲಿ ಕೊನೆಯ ಉಕಾರ ಬಿದ್ದಿದೆ, ಒಕ್ಕಲುತನದಲ್ಲಿ ಉಳಿದಿದೆ. ‘ಇಗ’ ಸ್ವರದಿಂದ ಶುರುವಾಗುತ್ತದೆ, ಹಿಂದಿನ ಸ್ವರವನ್ನು ಬೀಳಿಸುತ್ತದೆ. ವ್ಯಂಜನದಿಂದ ಶುರುವಾಗುವ ‘ತನ’ ಅದನ್ನು ಮುಟ್ಟುವುದಿಲ್ಲ. ಈಗ ಇಂಗ್ಲಿಷಿನ ‘ಯೂಸ್’ ಬರೆಯಿರಿ. ಕೊನೆಯಲ್ಲೊಂದು ‘ಇ’ ಅಕ್ಷರ. ‘ಯೂಸಿಂಗ್’ ಬರೆದರೆ ಅದು ಹೋಗುತ್ತದೆ, ‘ಯೂಸ್‌ಫುಲ್’ ಬರೆದರೆ ಉಳಿಯುತ್ತದೆ. ನಮ್ಮದು ಉಚ್ಚಾರದ ನಿಯಮ, ಅವರದು ಕಾಗುಣಿತದ್ದು. ‘ಆರ್ಗ್ಯುಮೆಂಟ್’ನಂಥ ಅಪವಾದಗಳೂ ಅಲ್ಲಿವೆ. ಆದರೂ ಲೋಪಸಂಧಿ ಬಲ್ಲ ಮಗುವಿಗೆ ಇದು ಹೊಸ ಊರಲ್ಲ.

‘ಅರ್’ ಅಂತೂ ನಮ್ಮ ರಸ್ತೆಯಲ್ಲೇ ಓಡಾಡುತ್ತದೆ. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಿಂದಾಗಿ ಟಿಪ್ಪರ್, ಕ್ರಷರ್, ಲೋಡರ್, ವೆಲ್ಡರ್ ಎಲ್ಲರ ಬಾಯಲ್ಲಿವೆ. ಟಿಪ್ ಎಂದರೆ ಓರೆಮಾಡಿ ಸುರಿ. ಸುರಿಯುವ ಗಾಡಿ ಟಿಪ್ಪರ್. ವೆಲ್ಡರ್ ಮಾತ್ರ ಯಂತ್ರವಲ್ಲ, ಬೆಸೆಯುವ ಮನುಷ್ಯ. ನಮ್ಮ ‘ಇಗ’, ‘ಗಾರ’ ಬಹುಮಟ್ಟಿಗೆ ಮನುಷ್ಯರಿಗೇ ಹತ್ತುತ್ತವೆ: ಕಲ್ಲುಕುಟಿಗ, ಹಾಡುಗಾರ. ಇಂಗ್ಲಿಷಿನ ‘ಅರ್’ಗೆ ಆಳೂ ಒಂದೇ, ಯಂತ್ರವೂ ಒಂದೇ.

‘ಹಂಗಾದ್ರ ವಾಟರ್?’ ಎಂದು ಹುಡುಗ ಕೇಳಿದ. ಎಂಥ ಒಳ್ಳೆಯ ಪ್ರಶ್ನೆ! ಬಂಗಾರದ ಕೊನೆಗೂ ‘ಗಾರ’ ಕೇಳಿಸುತ್ತದೆ, ಆದರೆ ‘ಬಂ’ ಎಂಬ ಕಸುಬು ಎಲ್ಲಿದೆ? ಬಾಲ ಕಳಚಿದ ಮೇಲೆ ಉಳಿದದ್ದಕ್ಕೆ ತಕ್ಕ ಅರ್ಥವಿದ್ದರಷ್ಟೇ ಅದು ಪ್ರತ್ಯಯ.

ಪ್ರತ್ಯಯಕ್ಕೆ ಊರು, ಜಾತಿಗಳ ಹಂಗಿಲ್ಲ. ಪಾರಸಿಯ ‘ಖೋರ್’ ಕನ್ನಡಕ್ಕೆ ಬಂದು ಲಂಚಕ್ಕೆ ಹತ್ತಿ ‘ಲಂಚಕೋರ’ವಾಯಿತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯಲ್ಲಿ ಇಂಥ ಮಾತಿಗೆ ಕೊರತೆಯೇ ಇಲ್ಲ. ಪ್ರತ್ಯಯದ ವಿಚಾರವೂ ಕನ್ನಡಕ್ಕೆ ಹೊಸದಲ್ಲ. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣ ‘ಶಬ್ದಮಣಿದರ್ಪಣ’ದಲ್ಲಿ ತದ್ಧಿತಕ್ಕೆಂದೇ, ಅಂದರೆ ನಾಮಪದಕ್ಕೆ ಹತ್ತುವ ಇಂಥ ಪ್ರತ್ಯಯಗಳಿಗೆಂದೇ, ಒಂದು ಪ್ರಕರಣ ಬರೆದ. ಅದಕ್ಕೂ ಹಿಂದೆ, 9ನೇ ಶತಮಾನದಲ್ಲಿ, ಕನ್ನಡದ ನುಡಿಯನ್ನು ಚರ್ಚಿಸಿದ ‘ಕವಿರಾಜಮಾರ್ಗ’ ರೂಪುಗೊಂಡದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ; ಅವರ ರಾಜಧಾನಿ ಮಳಖೇಡ ಇದೇ ಸೇಡಂ ತಾಲ್ಲೂಕಿನದು. ಇಂಥ ನೆಲದ ಮಕ್ಕಳಿಗೆ ಪ್ರತ್ಯಯವನ್ನು ಪರದೇಶದ ವಸ್ತುವೆಂಬಂತೆ ಕಲಿಸುವುದು ತಪ್ಪು.

ಇಂಗ್ಲಿಷ್ ಕಲಿಸುವ ಗುರುಗಳಲ್ಲಿ ನನ್ನದೊಂದು ಬೇಡಿಕೆ. ಪಟ್ಟಿ ಬರೆಸುವ ಮುಂಚೆ, ‘ತನ’, ‘ಗಾರ’, ‘ಇಗ’ ಇರುವ ಹತ್ತು ಮಾತುಗಳನ್ನು ಮನೆಯಿಂದ ಕೇಳಿಕೊಂಡು ಬರಲು ಮಕ್ಕಳಿಗೆ ಹೇಳಿರಿ. ಬೋರ್ಡಿನ ಎಡಕ್ಕೆ ಅವನ್ನು ಬರೆಯಿರಿ, ಇಂಗ್ಲಿಷನ್ನು ಬಲಕ್ಕೆ.