ವ್ಯೂ ಇರೋ ಕೋಣೆ

ಕಲಬುರಗಿಯ ಜಗತ್‌ನಲ್ಲಿರೋ ನಮ್ಮ ಹಳೇ ಮನೆಗೆ ಓಣಿ ಕಡೆ ಒಂದೇ ಕಿಟಕಿ, ಅದೂ ಮೊಳದಗಲ. ಗೋಡೆ ಮಾತ್ರ ಎರಡು ಅಡಿ ದಪ್ಪ. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟೋ ಊರಲ್ಲಿ ಹೊರಗೆ ನೋಡೋದಕ್ಕಿಂತ ಬಿಸಿಲನ್ನ ಹೊರಗಿಡೋದೇ ದೊಡ್ಡದು. ನೆಂಟರು ಬಂದ್ರೆ ಹಗಲು ಪಡಸಾಲೆ, ರಾತ್ರಿ ಮಾಳಿಗೆ ಮೇಲೆ ಹಾಸಿಗೆ. ನಾವೂ ಅಲ್ಲೇ, ಅವರೂ ಅಲ್ಲೇ.

ಇಂಥ ಮನೇಲಿ ಬೆಳೆದ ನಾನು ಕೊಡಗಿನ ಒಂದು ಹೋಂಸ್ಟೇಗೆ ಹೋದೆ. ಫೋಟೋ ನೋಡಿಯೇ ಆರಿಸಿದ ಕೋಣೆ. ಕಣಿವೆ ಕಡೆಗೆ ನೆಲದಿಂದ ಸೂರಿನ ತನಕ ಗಾಜು. ಮಲಗಿದ್ರೆ ಮಂಜು ಕಾಲ ಹತ್ತಿರವೇ ಬಂದಂಗೆ. ಮೇಲೆ ಮಂಗಳೂರು ಹೆಂಚು, ಆದ್ರೆ ಕಾಂಕ್ರೀಟಿನ ಮೇಲೆ ಹೊದಿಸಿದ್ದು. ವರಾಂಡಕ್ಕೆ ಹಾಸಿದ್ದು ನಮ್ಮ ಶಹಾಬಾದ್ ಕಲ್ಲು! ಊರವರು ಸಿಕ್ಕಷ್ಟು ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ.

ಬೆಳಿಗ್ಗೆ ಗಾಜಿನ ಬಲ ಮೂಲೆಯಲ್ಲಿ ಎತ್ತರದ ಬಿದಿರು ತಟ್ಟಿ ಕಂಡಿತು. ಹಿಂದಿನಿಂದ ಒಲೆಯ ಹೊಗೆ.

“ಲೈನ್ ಮನೆ ಸರ್, ತೋಟದ ಕೆಲಸದವರದ್ದು. ಗೆಸ್ಟ್‌ಗಳು ವ್ಯೂ ಹಾಳಾಗುತ್ತೆ ಅಂದ್ರು, ಅದಕ್ಕೇ ಮರೆ ಮಾಡಿದ್ವಿ.”

ಹೇಳಿದವರು ಕೆಟ್ಟವರಲ್ಲ. ಕಾಫಿ ಒಂದನ್ನೇ ನಂಬಿ ಬದುಕೋದು ಕಷ್ಟ ಅಂತ ಹಿಂದಿನ ರಾತ್ರಿ ಊಟ ಬಡಿಸ್ತಾ ಹೇಳಿದ್ರು. ಗೆಸ್ಟ್ ಕೇಳಿದ್ದನ್ನ ಕೊಟ್ಟಿದ್ದಾರೆ, ಅಷ್ಟೇ. ಆ ಗೆಸ್ಟ್ ನಾನೇ.

ಹಾಗಾದ್ರೆ ತಟ್ಟಿ ಕಿತ್ತರೆ ಸರಿಹೋಗುತ್ತಾ? ಆಗ ಯಾರೋ ಮುಖ ತೊಳೆಯೋದನ್ನ, ಬಟ್ಟೆ ಹರವೋದನ್ನ ನಾನು ಕಂಬಳಿ ಹೊದ್ದು ನೋಡ್ತಾ ಮಲಗಿರ್ತೀನಿ. ಅದು ಇನ್ನೂ ಹೇಸಿಗೆ. ತಪ್ಪು ತಟ್ಟಿಯದಲ್ಲ. ಅಲ್ಲಿ ಯಾರೂ ಬದುಕ್ತಾನೇ ಇಲ್ಲ ಅನ್ನೋ ಹಂಗೆ ಅಷ್ಟಗಲ ಗಾಜು ಇಟ್ಟಿದ್ದು ತಪ್ಪು. ನಮ್ಮ ಮೊಳದಗಲದ ಕಿಟಕಿಯಿಂದ ನಾವು ಓಣಿ ನೋಡಿದ್ರೆ, ಓಣಿಯವರು ಬಗ್ಗಿ “ಏನ್ರೀ, ಊಟ ಆಯ್ತಾ?” ಅಂತಿದ್ರು. ಈ ಗಾಜಿನಾಚೆಯಿಂದ ಯಾರೂ ಏನೂ ಕೇಳೋ ಹಂಗಿಲ್ಲ.

ಗುಡ್ಡವನ್ನೂ ಹಾಗೇ, ಬರೀ ಚಿತ್ರ ಅಂದ್ಕೊಂಡಿದ್ದೀವಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಅತಿ ಮಳೆಯ ಜತೆಗೆ ಇಳಿಜಾರು ಕಡಿದು ಕಟ್ಟಿದ್ದೂ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದ್ರು. ಗುಡ್ಡ ನೋಡೋಕೆ ಗುಡ್ಡ ಕಡಿಯೋದು!

ನಮ್ಮ ಜಿಲ್ಲೆಯಿಂದ ಕಲ್ಲಷ್ಟೇ ಅಲ್ಲ, ಜನಾನೂ ಗುಳೆ ಹೋಗ್ತಾರೆ. ಬೆಂಗಳೂರು, ಮುಂಬೈಗಳಲ್ಲಿ ಕಟ್ಟಡ ಕಟ್ತಾರೆ, ತಗಡಿನ ಶೆಡ್ಡಲ್ಲಿ ಮಲಗ್ತಾರೆ. ಆ ಶೆಡ್ಡುಗಳ ಮುಂದೂ ರಸ್ತೆಗೆ ಕಾಣದಂಗೆ ಮರೆ ಇರುತ್ತೆ.

ಹೊರಡುವಾಗ ಅಭಿಪ್ರಾಯದ ಪುಸ್ತಕ ಮುಂದಿಟ್ಟರು. “ವ್ಯೂ ಚೆನ್ನಾಗಿದೆ” ಅಂತ ಬರೆದು, ಇನ್ನೊಂದು ಸಾಲಿಗೆ ಪೆನ್ನು ಊರಿದೆ. ಹೊರಗೆ ಕಾರಿನವನು ಹಾರ್ನ್ ಹೊಡೆದ. ಪುಸ್ತಕ ಮುಚ್ಚಿ ಕೊಟ್ಟು ಬಂದೆ.