ಅರಿಯದೆ ವಿಷ ಕೊಟ್ಟವನು ನಿರಪರಾಧಿಯೋ?

ಖೋಟಾ ನಾಣ್ಯವನ್ನು ಪಡೆದವನು ಹಣವನ್ನು ಕಳಕೊಳ್ಳುವನು. ಖೋಟಾ ಮಾತ್ರೆಯನ್ನು ನುಂಗಿದವನೋ ಪ್ರಾಣವನ್ನೇ ಕಳಕೊಂಡಾನು. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಎರಡನೆಯ ಮೋಸವು ಅನೇಕ ಮನೆಗಳಲ್ಲಿ ಗೋಳಾಟವನ್ನು ಉಂಟುಮಾಡಿದೆ. ಇದನ್ನು ತಡೆಯಲು ಆ ದೇಶದವರು ಯೋಚಿಸಿರುವ ಕಾಯಿದೆಗಳಲ್ಲಿ ನಾವೆಲ್ಲರೂ ವಿಚಾರಿಸತಕ್ಕ ಒಂದು ಪ್ರಶ್ನೆ ಅಡಗಿದೆ.

ಮೊದಲು ಮೋಸದ ರೀತಿಯನ್ನು ತಿಳಿಯೋಣ. ಫೆಂಟನಿಲ್ ಎಂಬ ಮದ್ದನ್ನು 1960ರಲ್ಲಿ ಬೆಲ್ಜಿಯಂ ದೇಶದ ಪಾಲ್ ಯಾನ್ಸೆನ್ ಎಂಬವರು ಸಿದ್ಧಪಡಿಸಿದರು. ವೈದ್ಯರ ಕೈಯಲ್ಲಿ ಅದು ಮಹೋಪಕಾರಿ. ಆದರೆ ಅದು ಮಾರ್ಫೀನಿಗಿಂತ ಸುಮಾರು 100 ಪಾಲು ಬಲವುಳ್ಳದ್ದು. ಕೇವಲ 2 ಮಿಲಿಗ್ರಾಂ ಒಬ್ಬನ ಉಸಿರನ್ನು ನಿಲ್ಲಿಸಲು ಸಾಕಾಗಬಹುದು. ವಂಚಕರು ಇದನ್ನು ಬೇರೆ ಪುಡಿಯೊಂದಿಗೆ ಬೆರಸಿ, ಆಕ್ಸಿಕೊಡೋನ್ ಎಂಬ ನೋವಿನ ಮಾತ್ರೆಯ ನೀಲಿ ಬಣ್ಣವನ್ನು ಕೊಟ್ಟು, ಅದರ ಮೇಲಿರುವ ಗುರುತನ್ನೇ ಒತ್ತಿ ಮಾರುತ್ತಾರೆ. ಬೆರಕೆಯು ಸಮವಾಗಿರದ ಕಾರಣ ಒಂದೇ ಪೊಟ್ಟಣದ ಒಂದು ಮಾತ್ರೆ ಕೊಲ್ಲದೆ ಬಿಡುವುದು, ಮತ್ತೊಂದು ಕೊಲ್ಲುವುದು. 2023ರಲ್ಲಿ ಆ ಸರಕಾರದವರು ಹಿಡಿದ ಇಂಥ ಮಾತ್ರೆಗಳು 7 ಕೋಟಿ 90 ಲಕ್ಷಕ್ಕೆ ಮಿಕ್ಕಿದ್ದವು. ಪರೀಕ್ಷಿಸಿದ ಪ್ರತಿ 10ರಲ್ಲಿ 7 ಮಾತ್ರೆಗಳು ಪ್ರಾಣ ತೆಗೆಯುವಷ್ಟು ವಿಷವುಳ್ಳವುಗಳಾಗಿ ಕಂಡವು. ಅದೇ ವರುಷ ಆ ದೇಶದಲ್ಲಿ ಸುಮಾರು 1,05,000 ಮಂದಿ ಮದ್ದು ಮತ್ತು ಮಾದಕದ್ರವ್ಯಗಳ ಅತಿಸೇವನೆಯಿಂದ ಸತ್ತರು.

ಆದಕಾರಣ ಅಲ್ಲಿಯ ಶಾಸನಸಭೆಯ ಮುಂದೆ ಹಲವು ಮಸೂದೆಗಳು ಬಂದವು. ಮಾತ್ರೆ ಒತ್ತುವ ಯಂತ್ರಗಳ ಮೇಲೆ ಗುರುತಿನ ಸಂಖ್ಯೆಯನ್ನು ಕೊರೆಯಬೇಕೆಂಬುದು ಒಂದು. ಈ ವ್ಯಾಪಾರವು ಬಹಳವಾಗಿ ಮೊಬೈಲ್ ಫೋನುಗಳ ಮೂಲಕ ನಡೆಯುವುದರಿಂದ, ಸಂದೇಶಗಳನ್ನು ಸಾಗಿಸುವ ಕಂಪೆನಿಗಳು ತಾವು ಅರಿತ ಮಾರಾಟವನ್ನು ಸರಕಾರಕ್ಕೆ ತಿಳಿಸಬೇಕೆಂದು ಸೆನೆಟರ್ ರೋಜರ್ ಮಾರ್ಷಲ್ ಮತ್ತು ಜೀನ್ ಶಹೀನ್ ಎಂಬವರು 2023ರಲ್ಲಿ ಮಂಡಿಸಿದ್ದು ಇನ್ನೊಂದು.

ಈಗ ಪ್ರಶ್ನೆಗೆ ಬರೋಣ. ಮಾರಿದವನು ಹಿಡಿಯಲ್ಪಟ್ಟಾಗ, "ಅದರೊಳಗೆ ಏನಿತ್ತೆಂದು ನಾನು ಅರಿಯೆನು" ಎಂದರೆ ಏನನ್ನಬೇಕು? ಅವನು ಹೇಳುವುದು ನಿಜವೂ ಆಗಿರಬಹುದು. ಯಾಕಂದರೆ ಮಾತ್ರೆಯು ಅನೇಕ ಕೈಗಳನ್ನು ದಾಟಿ ಅವನಿಗೆ ಬಂದಿರುತ್ತದೆ.

ಇಂಥ ಮಾತು ಆ ದೇಶದಲ್ಲಿ ಹೊಸದಲ್ಲ. 1937ರಲ್ಲಿ ಟೆನೆಸ್ಸೀ ಸಂಸ್ಥಾನದ ಒಂದು ಕಂಪೆನಿಯು ಸಲ್ಫನಿಲಮೈಡ್ ಎಂಬ ಒಳ್ಳೇ ಔಷಧವನ್ನು ವಿಷದ್ರವದಲ್ಲಿ ಕರಗಿಸಿ, ಪರೀಕ್ಷಿಸದೆ ಮಾರಿತು. 100ಕ್ಕಿಂತ ಹೆಚ್ಚು ಮಂದಿ ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಕೊಲ್ಲಬೇಕೆಂಬ ಮನಸ್ಸು ಯಾರಿಗೂ ಇರಲಿಲ್ಲ. ಪರೀಕ್ಷಿಸಲೇಬೇಕೆಂಬ ಕಾಯಿದೆಯೂ ಆಗ ಇರಲಿಲ್ಲ. ಆದರೆ ಜನರು "ಅರಿಯದಿದ್ದದ್ದೇ ಅಪರಾಧ" ಎಂದು ಕಂಡುಕೊಂಡರು. 1938ರ ಕಾಯಿದೆಯು ಹೊಸ ಮದ್ದಿನಿಂದ ಅಪಾಯವಿಲ್ಲವೆಂದು ಮಾರುವ ಮುಂಚೆಯೇ ತೋರಿಸಬೇಕೆಂದು ವಿಧಿಸಿತು. ಈ ತೀರ್ಪು ನ್ಯಾಯವಾದದ್ದೆಂದು ನಮಗೆ ತೋರುತ್ತದೆ. ಬಾವಿಗೆ ಬೀಳುವವನು ಕಾಣದೆ ಬಿದ್ದನೆನ್ನಬಹುದು. ಕುರುಡನನ್ನು ಕೈಹಿಡಿದು ನಡಿಸುವವನು ಹಾಗನ್ನಕೂಡದು. ಮತ್ತೊಬ್ಬನ ಬಾಯಿಗೆ ಕೊಡುವವನಿಗೆ ಅರಿಯುವುದೇ ಮೊದಲನೆಯ ಕರ್ತವ್ಯ.

ಆದರೂ ಇನ್ನೊಂದು ಪಕ್ಕವುಂಟು. ಇಬ್ಬರು ಯೌವನಸ್ಥರು ಒಂದು ಪೊಟ್ಟಣವನ್ನು ಹಂಚಿಕೊಂಡರೆಂದು ಎಣಿಸೋಣ. ಒಬ್ಬನು ಮೂರ್ಛೆಹೋದನು. ಹಂಚಿದವನಿಗೂ ಕೊಲೆಗಾರನ ಶಿಕ್ಷೆಯಾದೀತೆಂಬ ಭಯವಿದ್ದರೆ ಅವನು ಸಹಾಯಕ್ಕೆ ಕೂಗುವನೋ, ಓಡಿಹೋಗುವನೋ? ನಾಲಾಕ್ಸೋನ್ ಎಂಬ ಮದ್ದನ್ನು ಬೇಗ ಮೂಗಿನೊಳಗೆ ಸಿಂಪಡಿಸಿದರೆ ನಿಂತ ಉಸಿರು ಅನೇಕ ಸಾರಿ ತಿರಿಗಿ ಬರುವುದು. 2023ರಲ್ಲಿ ಅದನ್ನು ವೈದ್ಯನ ಚೀಟಿಯಿಲ್ಲದೆ ಮಾರಲು ಅಲ್ಲಿ ಅಪ್ಪಣೆಯಾಯಿತು. ಓಡಿಹೋದವನು ಅದನ್ನು ಸಿಂಪಡಿಸುವುದು ಹೇಗೆ? ಇದನ್ನರಿತು ನ್ಯೂ ಮೆಕ್ಸಿಕೋ ಸಂಸ್ಥಾನವು 2007ರಲ್ಲಿ, ಇಂಥ ವೇಳೆಯಲ್ಲಿ ಸಹಾಯಕ್ಕೆ ಕರೆದವನನ್ನು ಮಾದಕದ್ರವ್ಯವನ್ನು ಇಟ್ಟುಕೊಂಡದ್ದಕ್ಕಾಗಿ ದಂಡಿಸಬಾರದೆಂದು ಕಾಯಿದೆ ಮಾಡಿತು. ಬೇರೆ ಅನೇಕ ಸಂಸ್ಥಾನಗಳು ಅದನ್ನು ಅನುಸರಿಸಿದವು.

ಆದಕಾರಣ ನ್ಯಾಯದ ತಕ್ಕಡಿಯು ಎರಡು ಮಾತುಗಳನ್ನು ತೂಗತಕ್ಕದ್ದು: ಕೊಡುವ ಮೊದಲು ಅವನು ಅರಿಯಲು ಪ್ರಯಾಸಪಟ್ಟನೋ? ಕೇಡನ್ನು ಕಂಡ ಮೇಲೆ ನಿಂತು ರಕ್ಷಿಸಿದನೋ? ಲಾಭಕ್ಕಾಗಿ ಕಣ್ಣು ಮುಚ್ಚಿಕೊಂಡವನನ್ನು ಕಠಿಣವಾಗಿ ದಂಡಿಸಲಿ. ಭಯದಲ್ಲಿಯೂ ನಿಂತವನಿಗೆ ಬಾಗಿಲು ತೆರೆದಿರಲಿ.

ಈ ತಕ್ಕಡಿಯು ನಮ್ಮ ಮನೆಗಳಲ್ಲಿಯೂ ತೂಗುತ್ತದೆ. ಗೋಡೆಯ ಗೂಡಿನಲ್ಲಿ ಉಳಿದ ಹೆಸರು ತಿಳಿಯದ ಮಾತ್ರೆಯನ್ನು ನೆರೆಮನೆಯ ಮಗುವಿನ ಜ್ವರಕ್ಕೆಂದು ಕೊಡುವಾಗ ನಮ್ಮ ಮನಸ್ಸು ಒಳ್ಳೇದೇ. ಆದರೆ ಒಳ್ಳೇ ಮನಸ್ಸು ಮಾತ್ರೆಯೊಳಗಿರುವದನ್ನು ಬದಲಾಯಿಸಲಾರದು. ಅರಿತು ಕೊಡೋಣ, ಅರಿಯದಿದ್ದರೆ ಕೈಯನ್ನು ಹಿಂದೆಗೆಯೋಣ.